ಒಳಗಿನ ಅಗುಳಿ

ಭದ್ರಾವತಿ
೨೦ ಜನವರಿ ೧೯೬೩

ಪ್ರಿಯ ಉಜ್ಜನಪ್ಪನಿಗೆ ಅಸದುಲ್ಲಾನ ಸಲಾಂ.

ಸಿಲೋನಿನಿಂದ ಬಂದು ವಾರವಾಯಿತು. ಬಂದ ದಿನವೇ ನಿನಗೆ ಬರೆಯಬೇಕೆಂದಿದ್ದೆ, ಅಂಗಡಿ ಬಿಡಲಿಲ್ಲ. ನಾನಿಲ್ಲದಾಗ ನೋಡಿಕೊಂಡ ರಂಗಪ್ಪ ಮೊಳೆಯ ಡಬ್ಬಕ್ಕೆ ತಿರುಪು, ತಿರುಪಿನ ಡಬ್ಬಕ್ಕೆ ಬಾಗಿಲ ಕೀಲು ತುಂಬಿಸಿಟ್ಟಿದ್ದ. ಕಾರ್ಖಾನೆಯ ಕ್ವಾರ್ಟರ್ಸಿನಿಂದ ಬಂದವರು ಕೇಳಿದ ಸಾಮಾನು ಸಿಗದೆ ವಾಪಸ್ಸು ಹೋದರಂತೆ. ಅದನ್ನೆಲ್ಲ ಬೇರೆ ಮಾಡುವುದರಲ್ಲಿ ದಿನ ಕಳೆಯಿತು.

ಕ್ಯಾಂಡಿ ಒಳ್ಳೆಯ ಊರು. ನಡುವೆ ಕೆರೆ, ಸುತ್ತ ಗುಡ್ಡ. ಅಳಿಯ ಗೌಸನ ಜವಳಿ ಅಂಗಡಿ ದೊಡ್ಡ ಬೀದಿಯಲ್ಲೇ ಇದೆ, ವ್ಯಾಪಾರ ಜೋರಾಗಿದೆ. ಮೊಮ್ಮಗಳು ಮೆಹಬೂಬಳಿಗೆ ಎಂಟು ತುಂಬಿತು. ನನ್ನ ತಾಯಿಯ ಹೆಸರು ಇಟ್ಟಿದ್ದಕ್ಕೋ ಏನೋ, ನಡಿಗೆಯೂ ಅವರದೇ. ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಜಮಾದಾರನ ಹಾಗೆ ಓಡಾಡುತ್ತಾಳೆ. ಚಿಕ್ಕದು ಇನ್ನೂ ತೊಟ್ಟಿಲಲ್ಲಿದೆ, ಅದೂ ಹೆಣ್ಣೇ.

ಈಗ ವಿಷಯಕ್ಕೆ ಬರುತ್ತೇನೆ. ಅಲ್ಲಿ ಸ್ವಲ್ಪ ಜಾಗ ಕೊಳ್ಳಬೇಕೆಂದು ಮನಸ್ಸು ಮಾಡಿದ್ದೇನೆ. ಬೇರೇನಿಲ್ಲ, ಬಂಡವಾಳ ಹಾಕಿದ ಹಾಗಾಗುತ್ತದೆ ಎಂದು. ಪರದೇಶದವನು ಅಲ್ಲಿ ಭೂಮಿ ಕೊಳ್ಳಬಹುದೇ, ಕೊಳ್ಳುವಾಗ ಏನೇನು ಜಾಗ್ರತೆ ವಹಿಸಬೇಕು, ಇಲ್ಲಿಂದ ದುಡ್ಡು ಕಳಿಸುವ ಸರಿಯಾದ ದಾರಿ ಯಾವುದು, ಇದೆಲ್ಲ ವಿವರವಾಗಿ ಬರೆ. ಫೀಸಿನ ಮಾತು ಎತ್ತುವುದಿಲ್ಲ, ಎತ್ತಿದರೆ ಬೈಯುತ್ತೀಯ. ಜಗದಾಂಬಾ ಅತ್ತಿಗೆಗೆ ರೋಶನ್ ಬೀ ಸಲಾಂ ಹೇಳಿದ್ದಾಳೆ.

ಬೇಗ ಬರೆ. ಬೇಗ ಎಂದದ್ದನ್ನು ಎರಡು ಸಲ ಓದಿಕೋ.

ನಿನ್ನ
ಅಸದು


ದುರ್ಗಿಗುಡಿ, ಶಿವಮೊಗ್ಗ
೯ ಫೆಬ್ರವರಿ ೧೯೬೩

ಪ್ರೀತಿಯ ಅಸದು,

ಕುಂಸಿಯ ಕೆರೆ ಏರಿಯ ಮೊಕದ್ದಮೆಯೊಂದು ನನ್ನ ತಲೆ ತಿನ್ನುತ್ತಿತ್ತು, ಅದಕ್ಕೇ ತಡವಾಯಿತು. ನೀನು ಬೇಗ ಎಂದದ್ದನ್ನು ಮೂರು ಸಲ ಓದಿದೆ. ಜಮೀನಿನ ವಿಷಯದಲ್ಲಿ ಬೇಗ ಬೇಗ ಅನ್ನುವವರಿಂದಲೇ ನಮ್ಮ ಅನ್ನ ಮಾರಾಯ. ಅವರಿಲ್ಲದಿದ್ದರೆ ಈ ಬಿಸಿಲಿನಲ್ಲಿ ಕರೀ ಕೋಟು ತೊಟ್ಟು ಕೋರ್ಟಿನ ಮುಂದೆ ನಿಲ್ಲುವ ಕರ್ಮ ನಮಗೆ ಬರುತ್ತಲೇ ಇರಲಿಲ್ಲ.

ಹೈಸ್ಕೂಲಿನಲ್ಲಿ ನನ್ನ ಪಕ್ಕದಲ್ಲೇ ಕೂತು, ನಕಾಶೆ ಬರೆಯುವಾಗ ಸಿಲೋನನ್ನೇ ಬಿಟ್ಟು ಬೆತ್ತದೇಟು ತಿಂದವನು ನೀನು. ಈಗ ಅಲ್ಲೇ ಜಮೀನುದಾರನಾಗಲು ಹೊರಟಿದ್ದೀಯ. ಮೇಷ್ಟರು ಇದ್ದಿದ್ದರೆ ಸಂತೋಷಪಡುತ್ತಿದ್ದರು.

ನಗು ಸಾಕು. ನಾನು ಇಲ್ಲಿನ ಕಾನೂನು ಓದಿದವನು, ಅಲ್ಲಿನದು ನನಗೆ ಗೊತ್ತಿಲ್ಲ. ಆದ್ದರಿಂದ ಅಲ್ಲಿನ ವಕೀಲನೊಬ್ಬ ಬೇಕೇ ಬೇಕು. ಅಲ್ಲಿ ಅವರನ್ನು ಪ್ರಾಕ್ಟರ್ ಅನ್ನುತ್ತಾರಂತೆ. ಅವನನ್ನು ನೀನು ಗೊತ್ತುಮಾಡಬೇಕು, ಮಾರುವವರು ತೋರಿಸಿದವನಿಗೆ ಕೆಲಸ ಕೊಡಬೇಡ. ನನ್ನ ಜೊತೆ ಲಾ ಓದಿದ ನರಸಿಂಹಮೂರ್ತಿ ಮದರಾಸಿನಲ್ಲಿದ್ದಾನೆ, ಅವನಿಗೆ ಕ್ಯಾಂಡಿಯಲ್ಲಿ ಒಬ್ಬರ ಪರಿಚಯವಿದೆ. ವಿಚಾರಿಸುತ್ತೇನೆ.

ಹಳೆಯ ಕ್ರಯಪತ್ರಗಳನ್ನೆಲ್ಲ ತೆಗೆಸಬೇಕು. ಮಾರುವವರಿಗೆ ಅದು ಯಾರಿಂದ ಬಂತು, ಅವರಿಗೆ ಯಾರಿಂದ ಬಂತು ಎಂದು ಮೂರು ತಲೆ ಹಿಂದಕ್ಕೆ ಹೋಗಿ ನೋಡಿಸು. ಅಡಮಾನ ಇದೆಯೇ, ದಾವೆ ಇದೆಯೇ, ಪಾಲು ಕೇಳುವ ಅಣ್ಣತಮ್ಮಂದಿರು ಎಲ್ಲಾದರೂ ಅಡಗಿ ಕೂತಿದ್ದಾರೆಯೇ. ಚಕ್ಕುಬಂದಿಯನ್ನು ಕಾಗದದಲ್ಲಿ ಓದಿ ತೃಪ್ತಿಪಡಬೇಡ. ನಾಲ್ಕೂ ದಿಕ್ಕಿನ ನೆರೆಯವರ ಮನೆಗೆ ಹೋಗಿ, ಕುಡಿಯಲು ನೀರು ಕೇಳಿ, ಮಾತಾಡಿಸಿ ಬಾ. ಮಾರುವವನು ಮುಚ್ಚಿಟ್ಟದ್ದು ಅಲ್ಲಿ ಹೊರಬರುತ್ತದೆ.

ದುಡ್ಡಿನ ಮಾತು. ರಿಸರ್ವ್ ಬ್ಯಾಂಕಿನ ಅಪ್ಪಣೆಯಿಲ್ಲದೆ ಒಂದು ಬಿಡಿಗಾಸೂ ಸಮುದ್ರ ದಾಟಕೂಡದು. ಇಲ್ಲಿ ಕೊಡಿ, ಅಲ್ಲಿ ನಮ್ಮವರು ಕೊಡುತ್ತಾರೆ ಅನ್ನುವ ಜನ ಗಾಂಧಿ ಬಜಾರಿನಲ್ಲೇ ಇದ್ದಾರೆ. ಅವರ ಹತ್ತಿರ ಚಹಾ ಕೂಡ ಕುಡಿಯಬೇಡ. ಪತ್ರಗಳೆಲ್ಲ ಸರಿಯಿವೆಯೆಂದು ಪ್ರಾಕ್ಟರ್ ಬರೆದುಕೊಡುವವರೆಗೆ ಮುಂಗಡವೂ ಬೇಡ. ಅಲ್ಲಿ ಓಡಾಡಲು ಯಾರಿಗಾದರೂ ಮುಖ್ತಿಯಾರ್ ಪತ್ರ ಕೊಡಬೇಕಾದರೆ ಈ ಒಂದು ಕೆಲಸಕ್ಕೆ ಮಾತ್ರ ಕೊಡು. ಅಳಿಯನೇ ಆದರೂ ಅಷ್ಟೇ.

ಇನ್ನೊಂದು. ಪರದೇಶದವರಿಗೆ ಇವತ್ತು ಮಾರಬಹುದು ಅನ್ನುವ ಸರ್ಕಾರ ನಾಳೆ ಮನಸ್ಸು ಬದಲಾಯಿಸಬಹುದು. ಬರ್ಮಾದಲ್ಲಿ ಗದ್ದೆ ಇಟ್ಟುಕೊಂಡಿದ್ದ ಚೆಟ್ಟಿಯಾರರನ್ನು ಕೇಳು, ಹೇಳುತ್ತಾರೆ.

ಜಾಗ ಎಷ್ಟು, ಅಲ್ಲಿ ಟೀ ಇದೆಯೋ ರಬ್ಬರೋ, ಇದೊಂದೂ ಬರೆದಿಲ್ಲವಲ್ಲ. ಪತ್ರ ಓದಿದ ಜಗದಾಂಬಾ, ಫಿರೋಜಾ ಹೇಗಿದ್ದಾಳೆ ಅಂತ ಒಂದು ಸಾಲೂ ಇಲ್ಲವಲ್ಲ ಅಂದಳು. ಇದು ವ್ಯವಹಾರದ ಪತ್ರ, ಸಂಸಾರದ ಸುದ್ದಿ ಬೇರೆ ಬರುತ್ತದೆ ಎಂದು ನಾನು ಹೇಳಿದ್ದೇನೆ.

ನಿನ್ನ
ಉಜ್ಜನಪ್ಪ


ಭದ್ರಾವತಿ
೪ ಏಪ್ರಿಲ್ ೧೯೬೩

ಪ್ರಿಯ ಉಜ್ಜನಪ್ಪ,

ನಿನ್ನ ಪತ್ರವನ್ನು ಕ್ಯಾಂಡಿಗೂ ನಕಲು ಮಾಡಿ ಕಳಿಸಿದ್ದೆ. ಅಲ್ಲಿಂದ ಉತ್ತರ ಬಂದ ಮೇಲೆ ಬರೆಯೋಣವೆಂದು ಕಾದೆ.

ಟೀಯೂ ಇಲ್ಲ, ರಬ್ಬರೂ ಇಲ್ಲ. ಹತ್ತು ಪರ್ಚ್ ಜಾಗ. ನಮ್ಮ ಲೆಕ್ಕದಲ್ಲಿ ಎರಡೂವರೆ ಗುಂಟೆ ಅನ್ನು. ಅದರಲ್ಲಿ ಎರಡು ಕೋಣೆಯ ಹೆಂಚಿನ ಮನೆ, ಹಿಂದೆ ಒಂದು ಬಾವಿ. ಹಿಂದೆಂದೋ ಬಂದು ನೆಲೆಸಿದ ಡಚ್ಚರ ಮನೆತನದ ಮುದುಕಿಯೊಬ್ಬರದು. ಮಗ ಆಸ್ಟ್ರೇಲಿಯಕ್ಕೆ ಹೋಗಿದ್ದಾನೆ, ಈ ವರ್ಷದ ಕೊನೆಗೆ ಅವರೂ ಹೋಗುತ್ತಾರೆ. ಒಳ್ಳೆಯ ಹೆಂಗಸು. ಪಕ್ಕದಲ್ಲೇ ಹುಡುಗಿಯರ ಶಾಲೆ. ಮುಂದಿನ ಕಿಟಕಿಯಲ್ಲಿ ನಿಂತರೆ ಶಾಲೆಯ ಗೇಟು ಕಾಣುತ್ತದೆ, ಗಂಟೆ ಹೊಡೆದದ್ದು ಅಡುಗೆಮನೆಗೂ ಕೇಳುತ್ತದೆ. ಇಂಥ ಜಾಗಕ್ಕೆ ಮುಂದೆ ಬೆಲೆ ಬರುತ್ತದೆ.

ಬಾಗಿಲು ಹಲಸಿನ ಮರದ್ದು. ಒಳಗಡೆ ಗೇಣುದ್ದದ ಅಗುಳಿ ಇದೆ, ಹಳೆಯ ಕಾಲದ ಎರಕ. ನಾನೇ ಎಳೆದು ನೋಡಿದೆ, ಒಳ್ಳೆಯ ಹಿಡಿತ. ಅಗುಳಿ ಹಾಕಿದ ಮೇಲೆ ಹೊರಗಿನಿಂದ ಯಾರು ಏನು ಮಾಡಿದರೂ ತೆಗೆಯಲಾಗದು.

ಈಗ ನಾನು ಕೇಳಬೇಕಾದ್ದು ಒಂದೇ. ಅದನ್ನು ಫಿರೋಜಾಳ ಹೆಸರಿಗೆ ಮಾಡಿಸಿದರೆ ಹೇಗೆ? ಗೌಸ್ ಆ ದೇಶದ ಪ್ರಜೆ, ಅವನ ಹೆಂಡತಿಯೆಂದು ಅವಳೂ ಅಲ್ಲಿನ ಪ್ರಜೆಯಾಗಿ ದಾಖಲಾಗಿದ್ದಾಳೆ. ಮದುವೆಯಲ್ಲಿ ನಾವು ಹಾಕಿದ ಒಡವೆ ಅವಳ ಹತ್ತಿರವೇ ಇದೆ. ಅದನ್ನು ಕೊಟ್ಟರೆ ಸಾಕು, ಮುದುಕಿ ನಾಳೆಯೇ ಬರೆದುಕೊಡುತ್ತೇನೆ ಅಂದಿದ್ದಾರೆ. ಇಲ್ಲಿಂದ ದುಡ್ಡು ಹೋಗುವ ಪ್ರಶ್ನೆಯೇ ಇಲ್ಲ, ಅಪ್ಪಣೆಯೂ ಬೇಡ. ನಮ್ಮ ಧರ್ಮದಲ್ಲಿ ಹೆಂಡತಿಯ ಆಸ್ತಿ ಹೆಂಡತಿಯದೇ, ಗಂಡನಿಗೆ ಅದರ ಮೇಲೆ ಹಕ್ಕಿಲ್ಲ, ನಿನಗೂ ಗೊತ್ತು.

ನೀನು ಆಗಬಹುದು ಅಂದರೆ ಸಾಕು. ಒಂದು ಕಾರ್ಡಿನಲ್ಲಿ ಬರೆದು ಹಾಕು.

ಅತ್ತಿಗೆಗೆ ಹೇಳು. ಫಿರೋಜಾ ಚೆನ್ನಾಗಿದ್ದಾಳೆ.

ನಿನ್ನ
ಅಸದು


ಶಿವಮೊಗ್ಗ
೨ ಮೇ ೧೯೬೩

ಪ್ರೀತಿಯ ಅಸದು,

ಕಾರ್ಡಿನಲ್ಲಿ ಬರೆಯುವ ವಿಷಯವಲ್ಲ ಇದು. ಬೇಡ ಅನ್ನುವುದಕ್ಕೆ ಜಾಗ ಹೆಚ್ಚು ಬೇಕು.

ಎರಡೂವರೆ ಗುಂಟೆ ಕೊಂಡು ಬಂಡವಾಳ ಅನ್ನುವವನನ್ನು ನಾನು ನೋಡಿರಲಿಲ್ಲ. ಮಗಳ ಒಡವೆ ಕೊಟ್ಟು ಬಂಡವಾಳ ಹಾಕುವವನನ್ನಂತೂ ಕೇಳಿಯೂ ಇರಲಿಲ್ಲ. ಶಾಲೆಯ ಪಕ್ಕದ ಜಾಗವೆಂದರೆ ಹಗಲೆಲ್ಲ ಗದ್ದಲ, ಬಾಡಿಗೆಗೆ ಯಾರೂ ಬರುವುದಿಲ್ಲ. ಹೋಗಲಿ ಅಂದರೆ ಬಾಗಿಲಿನ ಅಗುಳಿಯ ಮೇಲೆ ಅರ್ಧ ಪತ್ರ. ಕಬ್ಬಿಣದ ಅಂಗಡಿಯವನು ತಾಜಮಹಲಿಗೆ ಹೋದರೂ ಬಾಗಿಲ ಕೀಲನ್ನೇ ನೋಡಿಕೊಂಡು ಬರುತ್ತಾನೆ ಎಂದು ಬಾರ್ ರೂಮಿನಲ್ಲಿ ನಿನ್ನ ಕಥೆ ಹೇಳಿ ನಕ್ಕೆವು. ಸಿಟ್ಟಾಗಬೇಡ.

ಆದರೆ ಹೆಸರಿನ ವಿಷಯ ನಗುವುದಲ್ಲ. ಮಗಳ ಹೆಸರಿಗೆ ಬೇಡವೇ ಬೇಡ. ಹೆಂಡತಿಯ ಆಸ್ತಿ ಹೆಂಡತಿಯದು ಎಂದು ಬರೆದಿದ್ದೀಯ. ಪುಸ್ತಕದಲ್ಲಿ ಹಾಗೇ ಇದೆ, ಒಪ್ಪಿದೆ. ಮನೆಯೊಳಗೆ ಹೇಗಿದೆ? ಕುಂಸಿಯ ಲಿಂಗಮ್ಮ ಎಂಬ ಹೆಣ್ಣುಮಗಳ ದಾವೆಯನ್ನು ನಾನೇ ನಡೆಸಿದೆ. ತಂದೆ ಮೂರೆಕರೆ ತರಿ ಅವಳ ಹೆಸರಿಗೆ ಬರೆದಿದ್ದ. ಗಂಡ ಊಟಕ್ಕೆ ಕೂತಾಗ ಒಂದು ಕಾಗದ ಮುಂದಿಟ್ಟು, ಇಲ್ಲಿ ಹೆಬ್ಬೆಟ್ಟು ಒತ್ತು ಅಂದ. ಬಡಿಸುತ್ತಿದ್ದ ಕೈ ಒರೆಸಿಕೊಂಡು ಒತ್ತಿದಳು. ಜಮೀನು ಹೋಯಿತು. ಕೋರ್ಟಿನಲ್ಲಿ ಜಡ್ಜು ಯಾಕಮ್ಮಾ ಒತ್ತಿದೆ ಅಂದರೆ, 'ಅವ್ರು ಊಟಕ್ ಕೂತಿದ್ರು ಸ್ವಾಮಿ' ಅಂದಳು. ನಾನು ಸೋತೆ. ಇಪ್ಪತ್ತು ವರ್ಷದಲ್ಲಿ ಇಂಥವು ಎಷ್ಟು ನೋಡಿದ್ದೇನೆಂದರೆ, ಮಗಳ ಹೆಸರು ಎಂದು ಬರೆದದ್ದನ್ನು ನಾನು ಅಳಿಯನ ಹೆಸರು ಎಂದೇ ಓದುತ್ತೇನೆ. ಗೌಸ್ ಒಳ್ಳೆಯವನಿರಬಹುದು. ಒಳ್ಳೆಯವರೆಂದು ನಂಬಿ ಬರೆದ ಪತ್ರಗಳೇ ನನ್ನ ಬೀರುವಿನ ತುಂಬ ಇರುವುದು.

ಕೊಳ್ಳಲೇಬೇಕೆಂದಿದ್ದರೆ ನಿನ್ನ ಹೆಸರಿನಲ್ಲೇ ಕೊಳ್ಳು. ಕಾಲ ಹಿಡಿಯುತ್ತದೆ, ಹಿಡಿಯಲಿ. ಬ್ಯಾಂಕಿಗೆ ಅರ್ಜಿ ನಾನು ಬರೆಯುತ್ತೇನೆ. ನರಸಿಂಹಮೂರ್ತಿ ಹೇಳಿದ ಪ್ರಾಕ್ಟರಿಗೂ ಬರೆದಿದ್ದೇನೆ. ಮುದುಕಿ ಹೋಗಲು ಇನ್ನೂ ಎಂಟು ತಿಂಗಳಿದೆಯಲ್ಲ.

ನಿನ್ನ
ಉಜ್ಜನಪ್ಪ


ಭದ್ರಾವತಿ
೧೧ ಮೇ ೧೯೬೩

ಪ್ರಿಯ ಉಜ್ಜನಪ್ಪ,

ಸರಿ. ನನ್ನ ಹೆಸರಿನಲ್ಲೇ ಆಗಲಿ. ನಿನ್ನ ಮಾತು ಮೀರಿ ಇದುವರೆಗೆ ಒಂದು ಕಾಗದಕ್ಕೂ ಸಹಿ ಹಾಕಿದವನಲ್ಲ, ಈಗಲೂ ಹಾಕುವುದಿಲ್ಲ. ಫಿರೋಜಾಗೂ ಹಾಗೆಯೇ ಬರೆದಿದ್ದೇನೆ. ಉಜ್ಜನಪ್ಪ ಚಾಚಾ ಬೇಡ ಅಂದರೆ ಅದರಲ್ಲಿ ಅರ್ಥವಿರುತ್ತದೆ, ಸ್ವಲ್ಪ ತಾಳು ಎಂದು.

ಅರ್ಜಿ ಬರೆ. ಆದಷ್ಟು ಬೇಗ ಮಾರಾಯ.

ಅಸದು


ಶಿವಮೊಗ್ಗ
೧೭ ಸೆಪ್ಟೆಂಬರ್ ೧೯೬೩

ಪ್ರೀತಿಯ ಅಸದು,

ಹೋದ ವಾರ ನೀನು ಶಿವಮೊಗ್ಗಕ್ಕೆ ಬಂದು, ಬ್ಯಾಂಕಿಗೆ ಹೋಗಿ, ಮನೆಗೆ ಬಾರದೆ ರೈಲು ಹತ್ತಿದೆಯಂತೆ. ಬ್ಯಾಂಕಿನ ಗುಮಾಸ್ತ ಹೇಳಿದ. ಜಗದಾಂಬಾ ನಿನಗೆಂದು ಅಕ್ಕಿರೊಟ್ಟಿ ತಟ್ಟುವ ಅವಕಾಶ ತಪ್ಪಿತೆಂದು ನನ್ನ ಮೇಲೆ ರೇಗಿದಳು. ಬರಲಿಲ್ಲ ಯಾಕೆ?

ಪ್ರಾಕ್ಟರಿಂದ ಪತ್ರ ಬಂದಿದೆ. ಮುದುಕಿಯ ಹಕ್ಕು ಚೊಕ್ಕವಾಗಿದೆ, ಆದರೆ ಅವರ ಅತ್ತೆಯ ಕಾಲದ ಒಂದು ವಿಭಾಗಪತ್ರದ ನಕಲು ಸಿಕ್ಕಿಲ್ಲ. ಅದು ಬರುವವರೆಗೆ ಮುಂದುವರಿಯಬೇಡಿ ಎಂದು ನಾನೇ ಬರೆದೆ. ನಿನ್ನ ದುಡ್ಡಿನ ಜವಾಬ್ದಾರಿ ನನ್ನ ಮೇಲಿದೆ.

ಬ್ಯಾಂಕಿನಿಂದಲೂ ಪ್ರಶ್ನೆ ಬಂದಿತ್ತು. ಅರ್ಜಿದಾರನಿಗೆ ಆ ಮನೆ ಯಾತಕ್ಕೆ ಬೇಕು, ಅಲ್ಲಿ ವಾಸಕ್ಕೆ ಯಾರಾದರೂ ಇದ್ದಾರೆಯೇ, ಕುಟುಂಬದ ಅಗತ್ಯವೇನಾದರೂ ಇದೆಯೇ ಎಂದು ಕೇಳಿದ್ದರು. ಅಂಥದ್ದೇನೂ ಇಲ್ಲ, ಶುದ್ಧ ಬಂಡವಾಳದ ಉದ್ದೇಶ ಎಂದು ನಿನ್ನ ಪತ್ರದಲ್ಲಿದ್ದ ಹಾಗೆಯೇ ಉತ್ತರಿಸಿದ್ದೇನೆ. ಇನ್ನು ಅಪ್ಪಣೆ ಬರುವುದೊಂದೇ ಬಾಕಿ. ಇಂಥ ಕೆಲಸಕ್ಕೆ ಅವಸರ ಮಾಡಿದರೆ ಅವರಿಗೇ ಅನುಮಾನ ಬರುತ್ತದೆ. ತಾಳ್ಮೆಯಿರಲಿ.

ನಿನ್ನ
ಉಜ್ಜನಪ್ಪ


ಭದ್ರಾವತಿ
೨೮ ಡಿಸೆಂಬರ್ ೧೯೬೩

ಶ್ರೀ ಉಜ್ಜನಪ್ಪನವರಿಗೆ,

ಬ್ಯಾಂಕಿನ ಅಪ್ಪಣೆ ನಿನ್ನೆ ಕೈಸೇರಿತು. ಇದರ ಜೊತೆಗೆ ವಾಪಸ್ಸು ಕಳಿಸುತ್ತಿದ್ದೇನೆ, ಇನ್ನು ಬೇಕಾಗಿಲ್ಲ.

ಸಿಲೋನಿನಲ್ಲಿ ಹೊಸ ಕಾಯಿದೆ ಬಂದಿದೆ. ಆ ದೇಶದ ಪ್ರಜೆಯಲ್ಲದವರು ಭೂಮಿ ಕೊಂಡರೆ ಬೆಲೆ ಎಷ್ಟೋ ತೆರಿಗೆಯೂ ಅಷ್ಟೇ ಕಟ್ಟಬೇಕು. ಪ್ರಾಕ್ಟರ್ ನನಗೇ ನೇರವಾಗಿ ಬರೆದಿದ್ದಾರೆ. ಅಷ್ಟು ನನ್ನಿಂದಾಗದು. ಆಗುತ್ತಿದ್ದರೂ ಉಪಯೋಗವಿಲ್ಲ. ಮುದುಕಿ ನವೆಂಬರಿನವರೆಗೆ ನಮಗಾಗಿ ಕಾದು, ಅಲ್ಲಿನ ಔಷಧದ ವ್ಯಾಪಾರಿಯೊಬ್ಬರಿಗೆ ಮನೆ ಬರೆದುಕೊಟ್ಟು ಹಡಗು ಹತ್ತಿದರು.

ನೀವು ಹೇಳಿದ್ದೆಲ್ಲ ಸರಿಯಾಗಿಯೇ ಇತ್ತು. ಸರ್ಕಾರ ಮನಸ್ಸು ಬದಲಾಯಿಸಬಹುದು ಎಂದದ್ದೂ ಸರಿಯಾಯಿತು.

ಇಂತಿ
ಅಸದುಲ್ಲಾ


ಶಿವಮೊಗ್ಗ
೬ ಜನವರಿ ೧೯೬೪

ಅಸದು,

ಇದೇನಿದು ಶ್ರೀ, ಇದೇನಿದು ನೀವು? ಪತ್ರವನ್ನು ಎರಡು ಸಲ ತಿರುಗಿಸಿ ನೋಡಿದೆ, ಬೇರೆ ಯಾರಾದರೂ ಬರೆದರೋ ಎಂದು. ಒಂದು ಜಾಗ ಕೈತಪ್ಪಿತು ಎಂದು ಮೂವತ್ತು ವರ್ಷದ ಗೆಳೆಯನನ್ನು ಹೀಗೆ ಮಾತಾಡಿಸುವುದೇ?

ಕಳೆದುಕೊಂಡದ್ದಾದರೂ ಏನು ಹೇಳು. ನಿನ್ನ ದುಡ್ಡು ನಿನ್ನ ಹತ್ತಿರವೇ ಇದೆ. ಕೊಂಡ ಮೇಲೆ ಈ ಕಾಯಿದೆ ಬಂದು, ಮಾರಲು ಹೋದರೆ ಕೊಳ್ಳುವವರಿಲ್ಲ ಅನ್ನುವ ಹಾಗಾಗಿದ್ದರೆ? ಬಚಾವಾದೆ ಎಂದು ರೋಶನ್ ಬೀಯವರ ಕೈಯಲ್ಲಿ ಸಿಹಿ ಮಾಡಿಸು. ಬೇಕಾದರೆ ನವುಲೆಯ ಕಡೆ ಒಳ್ಳೆಯ ಸೈಟು ನೋಡಿಕೊಡುತ್ತೇನೆ, ಸಿಲೋನಿಗಿಂತ ಹತ್ತಿರ.

ಸಿಟ್ಟು ಇಳಿದ ಮೇಲೆ ಬರೆ.

ನಿನ್ನ
ಉಜ್ಜನಪ್ಪ


ಭದ್ರಾವತಿ
೧೪ ಜೂನ್ ೧೯೬೪

ಪೂಜ್ಯ ಉಜ್ಜನಪ್ಪ ಚಾಚಾ ಅವರಿಗೆ ಫಿರೋಜಾ ಮಾಡುವ ಸಲಾಂ.

ನಾನು ಊರಿಗೆ ಬಂದು ಹತ್ತು ದಿನವಾಯಿತು. ನೀವು ಅಬ್ಬಾಗೆ ಬರೆದ ನಾಲ್ಕು ಪತ್ರಗಳು ಒಡೆಯದೆ ಹಾಗೇ ಇದ್ದವು. ಅಮ್ಮಿಯ ಅಪ್ಪಣೆ ಕೇಳಿ ನಾನು ಓದಿದೆ. ಅಬ್ಬಾ ಯಾಕೆ ಉತ್ತರ ಬರೆಯುವುದಿಲ್ಲ ಎಂದು ಎಲ್ಲದರಲ್ಲೂ ಕೇಳಿದ್ದೀರಿ. ನಿಮಗೆ ಅವರು ಏನೂ ಹೇಳಿಲ್ಲವೆಂದು ಆಗ ಗೊತ್ತಾಯಿತು. ಅದಕ್ಕೆ ಬರೆಯುತ್ತಿದ್ದೇನೆ. ಕ್ಷಮಿಸಬೇಕು.

ಕ್ಯಾಂಡಿಯ ನಮ್ಮ ಮನೆಗೆ ಇನ್ನೊಬ್ಬಳು ಬಂದು ಎರಡು ವರ್ಷ ದಾಟಿತು. ಅವಳ ತಪ್ಪೇನೂ ಇಲ್ಲ, ಚಿಕ್ಕವಳು. ನನಗೂ ಮಕ್ಕಳಿಗೂ ಅಂಗಡಿಯ ಹಿಂದಿನ ಕೋಣೆ ಕೊಟ್ಟರು. ಬಟ್ಟೆಯ ಮೂಟೆ ಇಡುವ ಕೋಣೆ ಅದು. ಅದಕ್ಕೆ ಚಿಲಕ ಇದ್ದದ್ದು ಹೊರಗಡೆ. ಬೇಕೆಂದಾಗ ಅವರು ಹಾಕುತ್ತಿದ್ದರು, ಬೇಕೆಂದಾಗ ತೆಗೆಯುತ್ತಿದ್ದರು. ಅಬ್ಬಾ ಬಂದಾಗ ಆ ಬಾಗಿಲನ್ನು ನೋಡಿದರು. ಒಳಗಡೆ ಹಲಗೆಯ ಮೇಲೆ ಕೈಯಾಡಿಸಿದರು, ಅಲ್ಲಿ ಏನೂ ಇರಲಿಲ್ಲ. ಹೊರಗೆ ಹೋಗಿ ಕೂತರು. ಆಮೇಲೆ ದಿನವೂ ಊರು ಸುತ್ತಿ ಮನೆ ಹುಡುಕಿದರು.

ಅಲ್ಲಿನ ಜಮಾತಿನ ಹಿರಿಯರು ಒಂದು ತೀರ್ಮಾನ ಮಾಡಿದ್ದರು. ಅದೇ ಊರಿನಲ್ಲಿ ನನಗೆ ಸ್ವಂತ ಮನೆ ಇದ್ದರೆ ಇಬ್ಬರು ಮಕ್ಕಳೂ ನನ್ನ ಹತ್ತಿರ ಇರಬಹುದು. ಇಲ್ಲದಿದ್ದರೆ ತೊಟ್ಟಿಲ ಮಗು ನನಗೆ, ಶಾಲೆಗೆ ಹೋಗುವ ಮಗು ತಂದೆಗೆ. ಆ ವರ್ಷ ಮುಗಿಯುವವರೆಗೆ ಗಡುವು ಕೊಟ್ಟಿದ್ದರು. ಶಾಲೆಯ ಪಕ್ಕದ ಆ ಮನೆಯನ್ನು ಆರಿಸಿದವಳು ಮೆಹಬೂಬ್. ಗಂಟೆ ಹೊಡೆದ ಮೇಲೆ ಹೊರಟರೂ ಹಾಜರಿಗೆ ಮುಟ್ಟುತ್ತೇನೆ ಅಂದಿದ್ದಳು.

ನೀವು ಬೇಡ ಅಂದದ್ದನ್ನು ಅಬ್ಬಾ ಬರೆದಾಗ ನನಗೆ ಬೇಸರವಾಗಲಿಲ್ಲ. ಚಾಚಾ ತಾಳು ಅಂದಿದ್ದಾರೆ ಎಂದು ತಾಳಿದೆ. ಮುದುಕಿಯೂ ತಾಳಿದರು. ಹೋಗುವ ದಿನ ಬಂದು ನನ್ನ ತಲೆ ನೇವರಿಸಿ ಹೋದರು.

ಮೆಹಬೂಬ್ ಅಲ್ಲೇ ಉಳಿದಳು. ಸ್ಟೇಶನ್ನಿಗೆ ಅವಳನ್ನು ಕಳಿಸಲಿಲ್ಲ. ಒಡವೆ ಮಾರಿದ್ದರಲ್ಲಿ ದಾರಿಯ ಖರ್ಚು ಮಾಡಿ, ಚಿಕ್ಕದನ್ನು ಎತ್ತಿಕೊಂಡು ಧನುಷ್ಕೋಡಿಯ ಮೇಲೆ ಬಂದೆ.

ನಿಮ್ಮನ್ನು ದೂರಲು ಬರೆಯುತ್ತಿಲ್ಲ ಚಾಚಾ. ಅಬ್ಬಾ ಈಗ ಯಾರ ಹತ್ತಿರವೂ ಮಾತಾಡುವುದಿಲ್ಲ, ಅಂಗಡಿಯಲ್ಲಿ ಸುಮ್ಮನೆ ಕೂರುತ್ತಾರೆ. ನಿಮ್ಮ ಹತ್ತಿರ ಆಡುತ್ತಿದ್ದ ಮಾತು ಬೇರೆಯವರ ಹತ್ತಿರ ಆಡುವವರಲ್ಲ. ನೀವು ಒಂದು ಸಲ ಬರಬೇಕು.

ಚಾಚಿಗೆ ನನ್ನ ಸಲಾಂ.

ನಿಮ್ಮ ಮಗಳು
ಫಿರೋಜಾ


ಶಿವಮೊಗ್ಗ
೧೯ ಜೂನ್ ೧೯೬೪

ಅಸದು,

ಫಿರೋಜಾಳ ಪತ್ರ ಬಂತು. ಓದಿ ಜಗದಾಂಬಾಳ ಕೈಗೆ ಕೊಟ್ಟೆ. ಅವಳು ಓದಿ, ಮಡಿಸಿ, 'ನಾನು ಅವತ್ತೇ ಕೇಳಿದ್ನಲ್ಲ, ಹುಡುಗಿ ಹೇಗಿದಾಳೆ ಅಂತ' ಅಂದಳು. ಅಷ್ಟೇ ಅಂದದ್ದು.

ನಿನ್ನ ಪತ್ರಗಳನ್ನು ತೆಗೆದು ಮತ್ತೆ ಓದಿದೆ. ಎಲ್ಲ ಅದರಲ್ಲೇ ಇತ್ತಲ್ಲೋ. ಶಾಲೆಯ ಗೇಟು ಇತ್ತು, ಗಂಟೆ ಇತ್ತು, ಒಳಗಿನ ಅಗುಳಿ ಇತ್ತು. ನೀನು ಬಾಯಿಬಿಟ್ಟು ಹೇಳದಿದ್ದದ್ದು ಒಂದೇ ಮಾತು. ಅದನ್ನು ನಾನು ಕೇಳಬೇಕಿತ್ತು. ನೀನು ಕೇಳಿದ ಪ್ರಶ್ನೆಗೆ ಉತ್ತರ ಕೊಟ್ಟೆ, ಯಾಕೆ ಕೇಳುತ್ತಿದ್ದೀಯ ಎಂದು ಕೇಳಲಿಲ್ಲ. ನಿನ್ನ ಅಗುಳಿಯನ್ನು ಬಾರ್ ರೂಮಿಗೆ ತೆಗೆದುಕೊಂಡು ಹೋಗಿ ನಾಲ್ಕು ಜನರ ಜೊತೆ ನಕ್ಕೆ. ಅದನ್ನು ನೆನೆದರೆ ಊಟ ಸೇರುವುದಿಲ್ಲ.

ಬ್ಯಾಂಕಿನವರು ಕೇಳಿದರು ನೋಡು, ಕುಟುಂಬದ ಅಗತ್ಯ ಇದೆಯೇ ಎಂದು. ಗುರುತುಪರಿಚಯವಿಲ್ಲದ ಯಾವನೋ ಗುಮಾಸ್ತನಿಗೆ ಹೊಳೆದದ್ದು ನನಗೆ ಹೊಳೆಯಲಿಲ್ಲ. ಇಲ್ಲ ಎಂದು ನನ್ನ ಕೈಯಾರೆ ಬರೆದೆ. ಲಿಂಗಮ್ಮನ ದಾವೆ ಸೋತವನು ಫಿರೋಜಾಳನ್ನೂ ಲಿಂಗಮ್ಮ ಎಂದುಕೊಂಡೆ. ಆ ಜಾಗ ಅವಳ ಹೆಸರಿಗೆ ಏಪ್ರಿ‌ಲ್‌ನಲ್ಲೇ ಆಗಿಬಿಡುತ್ತಿತ್ತು. ನಿನ್ನ ದುಡ್ಡನ್ನು ನಾನು ಬಹಳ ಜೋಪಾನ ಮಾಡಿದೆ ಅಸದು. ಅದನ್ನು ಮಾತ್ರ ಜೋಪಾನ ಮಾಡಿದೆ.

ಕ್ಯಾಂಡಿಯ ಪ್ರಾಕ್ಟರಿಗೆ ಇವತ್ತೇ ಬರೆದಿದ್ದೇನೆ. ತಾಯಿಗೆ ಮಗಳನ್ನು ನೋಡುವ, ಕರೆಸಿಕೊಳ್ಳುವ ಹಕ್ಕಿನ ಬಗ್ಗೆ ಅಲ್ಲಿನ ಕೋರ್ಟು ಏನು ಮಾಡಬಹುದೆಂದು ಕೇಳಿದ್ದೇನೆ. ಆಗುತ್ತದೆ ಎಂದು ಮಾತು ಕೊಡಲಾರೆ. ಆದರೆ ಈ ಸಲ ಕಾಗದ ಬರುವವರೆಗೆ ಕಾಯುವವನಲ್ಲ, ಬೇಕಾದರೆ ನಾನೇ ಹೋಗಿ ಬರುತ್ತೇನೆ. ಪಾಸ್‌ಪೋರ್ಟಿಗೆ ಅರ್ಜಿ ಹಾಕಿದೆ.

ಭದ್ರಾವತಿಗೆ ಬರಬೇಕೆಂದಿದ್ದೇನೆ. ನಿನ್ನ ಅಂಗಡಿಯ ಮೆಟ್ಟಿಲು ಹತ್ತಲು ನನಗೆ ಮುಖವಿಲ್ಲ. ನೀನು ಬಾ ಅಂದರೆ ಬರುತ್ತೇನೆ. ಬೇಡ ಅಂದರೆ ಅದಕ್ಕೂ ನಾನು ತಕ್ಕವನೇ.

ಉಜ್ಜನಪ್ಪ


ಭದ್ರಾವತಿ
೩ ಜುಲೈ ೧೯೬೪

ಪ್ರಿಯ ಉಜ್ಜನಪ್ಪ,

ಪತ್ರ ಬಂದು ಬಹಳ ದಿನವಾಯಿತು. ಬರೆಯಲು ಕೂತರೆ ಕೈ ಓಡುತ್ತಿರಲಿಲ್ಲ.

ತಪ್ಪೆಲ್ಲ ನೀನೊಬ್ಬನೇ ಹೊತ್ತುಕೊಳ್ಳಬೇಡ. ಡಿಸೆಂಬರಿನಲ್ಲಿ ನಿನ್ನ ಮೇಲೆ ಹಾಕಿ ಕೈ ತೊಳೆದುಕೊಂಡೆ, ಅದು ಸುಲಭವಾಗಿತ್ತು. ನನ್ನ ಮಗಳು ಕಷ್ಟದಲ್ಲಿದ್ದಾಳೆ ಎಂದು ಒಂದು ಸಾಲು ಬರೆದಿದ್ದರೆ ನೀನು ಅವತ್ತೇ ರೈಲು ಹತ್ತಿ ಬರುತ್ತಿದ್ದೆ. ಗೊತ್ತಿತ್ತು ನನಗೆ. ಆದರೂ ಬರೆಯಲಿಲ್ಲ. ಅಷ್ಟು ದೂರ ಸಂಬಂಧ ಬೇಡ ಎಂದು ಮದುವೆಗೆ ಮುಂಚೆ ನೀನೂ ಅತ್ತಿಗೆಯೂ ಹೇಳಿದ್ದಿರಿ, ದೊಡ್ಡ ಮನೆತನ ಎಂದು ನಾನು ಎದೆಯುಬ್ಬಿಸಿ ಮಾಡಿದೆ. ಈಗ ಅವಳನ್ನು ಅಂಗಡಿಯ ಹಿಂದೆ ಹಾಕಿದ್ದಾರೆ ಎಂದು ನಿನಗೆ ಹೇಗೆ ಬರೆಯಲಿ? ಬಂಡವಾಳ ಎಂದು ಬರೆದೆ. ಆ ಮಾತು ಬರೆಯಲು ನಾಚಿಕೆಯಾಗಲಿಲ್ಲ.

ಪ್ರಾಕ್ಟರಿಂದ ಏನಾದರೂ ಬಂದರೆ ತಿಳಿಸು. ಮೆಹಬೂಬ್ ಒಂದು ಪತ್ರ ಹಾಕಿದ್ದಾಳೆ. ಶಾಲೆಯ ಪಕ್ಕದ ಮನೆಗೆ ಔಷಧದ ಅಂಗಡಿಯವರು ಬಂದಿದ್ದಾರೆ, ಕಿಟಕಿಗೆ ಹಸಿರು ಬಣ್ಣ ಹೊಡೆಸಿದ್ದಾರೆ ಎಂದು ಬರೆದಿದ್ದಾಳೆ. ಅವಳ ಅಕ್ಷರ ಚೆನ್ನಾಗಿದೆ. ತಮಿಳಿನಲ್ಲಿದೆ, ಫಿರೋಜಾಗೆ ಮಾತಾಡಲು ಬರುತ್ತದೆ, ಓದಲು ಬಾರದು. ನಮ್ಮ ರಂಗಪ್ಪನ ಹೆಂಡತಿ ಓದಿ ಹೇಳಿದಳು.

ಫಿರೋಜಾಗೆ ಹಿತ್ತಲ ಕಡೆಯ ಕೋಣೆ ಕೊಟ್ಟಿದ್ದೇನೆ. ಅಂಗಡಿಯಲ್ಲಿದ್ದದ್ದು ಯಾವುದೂ ಮನಸ್ಸಿಗೆ ಬರಲಿಲ್ಲ, ಕಮ್ಮಾರನ ಹತ್ತಿರ ಕೂತು ಹೊಸ ಅಗುಳಿ ಮಾಡಿಸಿ ತಂದು ಒಳಗಡೆ ಹಾಕಿದೆ. ಗೇಣುದ್ದದ್ದು, ಆ ಮನೆಯಲ್ಲಿದ್ದ ಹಾಗೆಯೇ. ಬಂದ ಮೊದಲ ವಾರದಿಂದ ನೋಡುತ್ತಿದ್ದೇನೆ, ಅವಳು ಅದನ್ನು ಒಂದು ದಿನವೂ ಹಾಕಿಕೊಳ್ಳುವುದಿಲ್ಲ. ಬಾಗಿಲು ಗಾಳಿಗೆ ಬಡಿಯುತ್ತಿರುತ್ತದೆ. ಬಿಗಿಯಾಗಿದೆಯೇನೋ, ಎಣ್ಣೆ ಬಿಡಲೇ ಎಂದು ನಿನ್ನೆ ಕೇಳಿದೆ.

'ಬಿಗಿ ಇಲ್ಲ ಅಬ್ಬಾ, ಚೆನ್ನಾಗಿದೆ. ಹಾಕ್ಕೊಂಡ್ರೆ, ಮೆಹಬೂಬ್ ಬಂದಾಗ ಹೊರಗೆ ನಿಲ್ಬೇಕಾಗತ್ತೆ' ಅಂದಳು.

ಭಾನುವಾರ ಬಾ.

ನಿನ್ನ
ಅಸದು